ಬಾಟಲಿಯ ಮೇಲೆ ತೋಟದ ಕಾವಲುಗಾರರು

ವೈನ್ ಬಾಟಲಿಗಳ ಲೇಬಲ್ ಮೇಲೆ ಕಾಣುವ ಪ್ರಾಣಿಗಳಲ್ಲಿ ಹೆಚ್ಚಿನವು ದ್ರಾಕ್ಷಿತೋಟದ ಮುಖ ಕಂಡವಲ್ಲ. ಕೆಲವು ಜಮೀನ್ದಾರಿ ಮನೆತನಗಳ ಲಾಂಛನದಿಂದ ಇಳಿದು ಬಂದ ಸಿಂಹ, ಹದ್ದುಗಳು. ಕೆಲವು ಅಂಗಡಿಯ ಕಪಾಟಿನಲ್ಲಿ ಕಣ್ಣಿಗೆ ಬೀಳಲೆಂದೇ ಬರೆಸಿದ ಮುದ್ದು ಮುಖಗಳು. ಇವುಗಳ ನಡುವೆ ಚಿಕ್ಕದೊಂದು ಗುಂಪಿದೆ. ಅದರಲ್ಲಿರುವ ಬಾತುಕೋಳಿ, ಗುಲಗಂಜಿ ಹುಳು, ಚಾಣ, ಗಿಡುಗ, ಜೇಡಗಳು ತೋಟದಲ್ಲಿ ನಿಜವಾಗಿ ದುಡಿಯುವ ಜೀವಿಗಳು. ಬಸವನಹುಳು ಹೆಕ್ಕುವುದು, ಹೇನು ತಿಗಣೆಗಳನ್ನು ತಿನ್ನುವುದು, ಹಣ್ಣು ಕದಿಯುವ ಹಕ್ಕಿಗಳನ್ನು ಓಡಿಸುವುದು ಅವುಗಳ ಕೆಲಸ. ಅಂಥ ಚಿತ್ರ ಅಲಂಕಾರವೂ ಹೌದು, ಈ ತೋಟ ಹೀಗೆ ನಡೆಯುತ್ತಿದೆ ಎಂಬ ಹೇಳಿಕೆಯೂ ಹೌದು. ಹೇಳಿಕೆ ಎಂದ ಮೇಲೆ ಅದು ಎಷ್ಟು ನಿಜ ಎಂದು ತೂಗಿ ನೋಡಲು ಬರುತ್ತದೆ.

ಲೇಬಲ್ ಮೇಲೆ ಕಲೆ ಎಂಬ ಕಲ್ಪನೆ ಬಹಳ ಹಳೆಯದೇನಲ್ಲ. ಫ್ರಾನ್ಸಿನ ಬೋರ್ದೋ ಪ್ರಾಂತ್ಯದ ಶಾತೋ ಮೂತೋನ್ ರಾಥ್‌ಶೀಲ್ಡ್ 1924ರಲ್ಲಿ ಜಾನ್ ಕಾರ್ಲು ಎಂಬ ಪೋಸ್ಟರ್ ಕಲಾವಿದನಿಂದ ಲೇಬಲ್ ಬರೆಸಿತು. ಎರಡನೆಯ ಮಹಾಯುದ್ಧ ಮುಗಿದ 1945ರಿಂದ ವರ್ಷಕ್ಕೊಬ್ಬ ಕಲಾವಿದರಿಂದ ಚಿತ್ರ ಬರೆಸುವ ಪದ್ಧತಿಯನ್ನೇ ಮಾಡಿಕೊಂಡಿತು. 1973ರ ಬಾಟಲಿಯ ಮೇಲೆ ಪಿಕಾಸೋ ಇದ್ದಾನೆ. 2009ರ ಬಾಟಲಿಗೆ ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಬಣ್ಣ ಹಚ್ಚಿದ್ದಾರೆ. ಅಲ್ಲಿಯವರೆಗೆ ಕಟ್ಟಡದ ಚಿತ್ರ, ಊರಿನ ಹೆಸರು, ಇಸವಿ ಇಷ್ಟನ್ನೇ ಹೊತ್ತಿದ್ದ ಕಾಗದದ ತುಂಡು ಕೊಳ್ಳುವವನನ್ನು ಕರೆಯಲು ಶುರು ಮಾಡಿತು.

ಪ್ರಾಣಿಗಳ ಕಾಲ ಬಂದದ್ದು ಇನ್ನೂ ಈಚೆಗೆ. ಆಸ್ಟ್ರೇಲಿಯಾದ ಯೆಲ್ಲೋ ಟೇಲ್ 2001ರಲ್ಲಿ ಅಮೆರಿಕದ ಮಾರುಕಟ್ಟೆಗೆ ಇಳಿದಾಗ ಅದರ ಮೇಲೆ ನೆಗೆಯುತ್ತಿದ್ದದ್ದು ವಾಲಬಿ, ಅಂದರೆ ಕಾಂಗರೂವಿನ ಸಣ್ಣ ನೆಂಟ. ಫ್ರೆಂಚ್ ಹೆಸರು ಉಚ್ಚರಿಸಲು ಅಂಜುವ ಗ್ರಾಹಕನೂ ‘ಆ ಕಾಂಗರೂ ಬಾಟಲಿ ಕೊಡಿ’ ಎನ್ನಬಹುದಾಯಿತು. ಉಳಿದವರು ಸುಮ್ಮನಿರುವರೇ? ಮಾರುಕಟ್ಟೆ ಸಮೀಕ್ಷಾ ಸಂಸ್ಥೆ ಎಸಿ ನೀಲ್ಸನ್ 2006ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಹಿಂದಿನ 3 ವರ್ಷಗಳಲ್ಲಿ ಅಮೆರಿಕದಲ್ಲಿ ನೆಲೆಯೂರಿದ 438 ಹೊಸ ವೈನ್ ಬ್ರಾಂಡುಗಳಲ್ಲಿ ಶೇ. 18ರಷ್ಟರ ಲೇಬಲ್ ಮೇಲೆ ಪ್ರಾಣಿ ಇತ್ತು. ಪೆಂಗ್ವಿನ್, ಕತ್ತೆಕಿರುಬ, ಮೊಸಳೆ ಯಾವುದೂ ಬಿಟ್ಟುಹೋಗಲಿಲ್ಲ. ವ್ಯಾಪಾರದವರು ಇವಕ್ಕೆಲ್ಲ ‘ಕ್ರಿಟರ್ ಲೇಬಲ್’ ಎಂದು ಹೆಸರಿಟ್ಟರು, ಸ್ವಲ್ಪ ತಾತ್ಸಾರದಿಂದಲೇ.

ಈ ಜಾತಿಯ ಲೇಬಲ್‌ಗಳಲ್ಲಿ ಎಲ್ಲಕ್ಕಿಂತ ಅಂದವಾದದ್ದು ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಫ್ರಾಗ್ಸ್ ಲೀಪ್, ಎಂದರೆ ಕಪ್ಪೆಯ ನೆಗೆತ, ಎಂಬ ವೈನರಿಯದು. ಹಿಂಗಾಲು ಚಾಚಿ ಮೇಲಕ್ಕೆ ಜಿಗಿಯುತ್ತಿರುವ ತೆಳುಮೈಯ ಕಪ್ಪೆ, ಸುತ್ತ ಖಾಲಿ ಬಿಳುಪು. ಚಕ್ ಹೌಸ್ ಎಂಬ ವಿನ್ಯಾಸಕಾರ 1981ರಲ್ಲಿ ಬರೆದದ್ದು. ಆದರೆ ಕಪ್ಪೆ ಅಲ್ಲಿಗೆ ಬಂದದ್ದು ಹುಳು ತಿನ್ನುತ್ತದೆಂದಲ್ಲ. ಆ ಜಾಗದಲ್ಲಿ ಒಂದು ಕಾಲಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲುಗಳ ಅಡುಗೆಮನೆಗೆ ಕಪ್ಪೆ ಸಾಕಿ ಮಾರುತ್ತಿದ್ದರು. ಜೊತೆಗೆ ಅದೇ ಕಣಿವೆಯಲ್ಲಿ ಸ್ಟ್ಯಾಗ್ಸ್ ಲೀಪ್, ಎಂದರೆ ಸಾರಂಗದ ನೆಗೆತ, ಎಂಬ ದೊಡ್ಡ ಹೆಸರಿನ ವೈನರಿ ಇತ್ತು. ಹೀಗೆ ನೆಂಟಸ್ತಿಕೆಯ ತಮಾಷೆಯಾಗಿ ಹುಟ್ಟಿದ ಕಪ್ಪೆ ಅದು. ಬಾಟಲಿಯ ಬಿರಡೆ ತೆಗೆದರೆ ಅದರ ಮೇಲೆ ಕಪ್ಪೆ ವಟಗುಟ್ಟುವ ಸದ್ದನ್ನೂ ಅಚ್ಚು ಹಾಕಿರುತ್ತಾರೆ.

ದುಡಿಯುವ ಪ್ರಾಣಿಗಳ ಕಥೆ ಇದಕ್ಕಿಂತ ಬೇರೆ. ದ್ರಾಕ್ಷಿ ಎಂದರೆ ಹತ್ತಾರು ವರ್ಷ ಒಂದೇ ನೆಲದಲ್ಲಿ ನಿಲ್ಲುವ ಒಂದೇ ಬೆಳೆ. ಅದನ್ನು ತಿನ್ನುವ ಕೀಟಕ್ಕೆ ಅದೊಂದು ಎಂದೂ ಮುಗಿಯದ ಛತ್ರ. ಚಿಗುರಿಗೆ ಬಸವನಹುಳು, ಎಲೆಗೆ ಜಿಗಿಹುಳು, ತೊಗಟೆಯ ಸಂದಿಗೆ ಹಿಟ್ಟುತಿಗಣೆ, ಬೇರಿಗೆ ಇಲಿ ಹೆಗ್ಗಣಗಳು, ಸಕ್ಕರೆ ಏರಿದ ಗೊಂಚಲಿಗೆ ಹಕ್ಕಿ. ಇವುಗಳ ಶತ್ರುಗಳು ಕಾಡಿನಲ್ಲಿ, ಹಳ್ಳದ ದಂಡೆಯಲ್ಲಿ, ಬೇಲಿಯ ಪೊದೆಯಲ್ಲಿ ಇದ್ದೇ ಇರುತ್ತವೆ. ಕಾಡು ಕಡಿದು, ಪೊದೆ ಸವರಿ, ವಿಷ ಹೊಡೆದ ತೋಟದಲ್ಲಿ ಮೊದಲು ಇಲ್ಲವಾಗುವುದು ಈ ಶತ್ರುಗಳೇ. ಹುಳು ಬೇಗ ಮರಳಿ ಬರುತ್ತದೆ, ಅದನ್ನು ತಿನ್ನುವುದು ನಿಧಾನವಾಗಿ ಬರುತ್ತದೆ. ಆ ನಿಧಾನದವನ್ನು ಕರೆದು ತಂದು ಇರಿಸಿಕೊಂಡ ತೋಟಗಳಲ್ಲಿ ಕೆಲವು ಆ ಜೀವಿಯನ್ನೇ ಲೇಬಲ್‌ಗೆ ಏರಿಸಿವೆ.

ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಶ್ ಬಳಿಯ ವರ್ಗೆನೂಗ್ಡ್ ಲ್ಯೋವ್ ಇದಕ್ಕೆ ಹೆಸರಾದ ಉದಾಹರಣೆ. 1696ರಲ್ಲಿ ಡಚ್ಚರ ಕಾಲದಲ್ಲಿ ಶುರುವಾದ ಜಮೀನು. ಹೆಸರಿನ ಅರ್ಥ ‘ತೃಪ್ತಿ’. ಕಡಲಿಗೆ ಹತ್ತಿರದ ಈ ತೋಟಕ್ಕೆ ಬಸವನಹುಳುಗಳ ಕಾಟ ಹೆಚ್ಚು. ವಸಂತದಲ್ಲಿ ಬಳ್ಳಿ ಕಣ್ಣು ಬಿಡುವ ಹೊತ್ತಿಗೆ ಅವು ಕಾಂಡ ಹತ್ತಿ ಮೊಗ್ಗನ್ನೇ ಕೆರೆದು ತಿನ್ನುತ್ತವೆ. ಮೊಗ್ಗು ಹೋದರೆ ಆ ವರ್ಷದ ಗೊಂಚಲೂ ಹೋದಂತೆ. ಇದಕ್ಕೆ ತೋಟದವರು ವಿಷದ ಕಾಳು ಎರಚುವ ಬದಲು ಸಾವಿರಕ್ಕೂ ಹೆಚ್ಚು ಇಂಡಿಯನ್ ರನ್ನರ್ ಬಾತುಕೋಳಿಗಳನ್ನು ಸಾಕಿದ್ದಾರೆ.

ಬೆಳಿಗ್ಗೆ ದೊಡ್ಡಿಯ ಬಾಗಿಲು ತೆರೆದರೆ ಇಡೀ ಹಿಂಡು ಒಂದೇ ಹರಿವಾಗಿ ಹೊರಬೀಳುತ್ತದೆ. ಕುತ್ತಿಗೆ ಸೆಟೆದು, ಎದೆ ಮುಂದೆ ಚಾಚಿ, ಕಾಲು ಪಟಪಟ ಹಾಕುತ್ತ, ಕೋಲು ಹಿಡಿದ ಕಾಯುವವರ ಮುಂದೆ ಮುಂದೆ ಓಟ. ಒಂದು ಹಕ್ಕಿ ಎಡಕ್ಕೆ ತಿರುಗಿದರೆ ಸಾವಿರವೂ ಎಡಕ್ಕೇ. ಇವು ಹಾರುವುದಿಲ್ಲ, ಉಳಿದ ಬಾತುಗಳಂತೆ ಅಡ್ಡಡ್ಡ ಓಲಾಡುವುದೂ ಇಲ್ಲ. ಸಾಲು ಬಳ್ಳಿಗಳ ನಡುವೆ ನುಗ್ಗಿ, ಹುಲ್ಲಿನ ಬುಡ, ಕಾಂಡದ ಬುಡ ತಡಕಿ, ಬಸವನಹುಳುವನ್ನು ಚಿಪ್ಪಿನ ಸಮೇತ ನುಂಗುತ್ತವೆ. ಹಿಕ್ಕೆ ಗೊಬ್ಬರವಾಗುತ್ತದೆ. ಕೊಯ್ಲಿನ ಕಾಲ ಬಂದಾಗ ಮಾತ್ರ ಅವಕ್ಕೆ ರಜೆ. ಹಣ್ಣಾದ ದ್ರಾಕ್ಷಿ ಮತ್ತು ಬಸವನಹುಳು ಎರಡನ್ನೂ ಮುಂದಿಟ್ಟರೆ ಬಾತುಕೋಳಿ ಯಾವುದನ್ನು ಆರಿಸಿಕೊಳ್ಳುತ್ತದೆ ಎಂಬುದನ್ನು ತೋಟದವರು ಬಲ್ಲರು.

ಇಲ್ಲಿನ ವೈನ್‌ಗಳ ಒಂದು ಸರಣಿಯ ಹೆಸರೇ ರನ್ನರ್ ಡಕ್. ಚಿತ್ರಕ್ಕೆ ಇದಕ್ಕಿಂತ ಹೊಂದುವ ಹಕ್ಕಿ ಸಿಗುವುದು ಕಷ್ಟ. ಈ ತಳಿಯ ಮೈಕಟ್ಟನ್ನು ವರ್ಣಿಸುವಾಗ ಕೋಳಿ ಸಾಕುವವರು ವೈನ್ ಬಾಟಲಿಗೇ ಹೋಲಿಸುವುದುಂಟು: ಉದ್ದ ಕತ್ತು, ಇಳಿಜಾರು ಹೆಗಲು, ನೆಟ್ಟಗಿನ ನಿಲುವು. ಬಾಟಲಿಯ ಮೇಲೆ ಬಾಟಲಿಯಂಥ ಹಕ್ಕಿ. ಹೆಸರಿನಲ್ಲಿರುವ ಇಂಡಿಯಾಕ್ಕೂ ಭಾರತಕ್ಕೂ ಸಂಬಂಧ ಇಲ್ಲ. ಅದರ ಮೂಲ ಇಂಡೊನೇಷ್ಯಾದ ಜಾವಾ, ಲೊಂಬೊಕ್ ದ್ವೀಪಗಳ ಭತ್ತದ ಗದ್ದೆಗಳು. ಅಲ್ಲಿ ಕೊಯ್ಲಾದ ಗದ್ದೆಗೆ ಇವನ್ನು ಅಟ್ಟಿಕೊಂಡು ಹೋಗಿ ಉದುರಿದ ಕಾಳು, ಹುಳು ತಿನ್ನಿಸುವುದು ಹಳೆಯ ರೂಢಿ. ವನ್ಯಜೀವಿ ಎನ್ನಲು ಇದು ಅಷ್ಟೇನೂ ಅರ್ಹವಲ್ಲ, ಸಾಕಿದ ಹಕ್ಕಿ. ಆದರೂ ಲೇಬಲ್ ಮೇಲಿನ ಮಾತನ್ನು ತೋಟದಲ್ಲಿ ಕಣ್ಣಾರೆ ನೋಡಬಹುದಾದ ಅಪರೂಪದ ಉದಾಹರಣೆ ಇದು.

ಗುಲಗಂಜಿ ಹುಳುವಿನದು ಇಷ್ಟು ಸರಳವಲ್ಲ. ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಸೀಮೆಯ ರೆಡ್‌ವುಡ್ ಕಣಿವೆಯಲ್ಲಿ ಗ್ರೀಸಿನಿಂದ ಬಂದು ನೆಲೆಸಿದ ಲೊಲೊನಿಸ್ ಕುಟುಂಬ, ಕೀಟನಾಶಕಗಳೇ ರಾಜ್ಯವಾಳುತ್ತಿದ್ದ 1950ರ ದಶಕದಲ್ಲೇ ಅವನ್ನು ಕೈಬಿಟ್ಟು, ಗುಲಗಂಜಿ ಹುಳುಗಳನ್ನು ತಂದು ತೋಟಕ್ಕೆ ಬಿಡತೊಡಗಿತು. ಅವರ ಹೆಸರಾಂತ ಕೆಂಪು ವೈನ್ ಲೇಡಿಬಗ್ ರೆಡ್. ಕೆಂಪು ಮೈ, ಕರಿ ಚುಕ್ಕೆ: ಯಾವ ಭಾಷೆಯವನಿಗೂ ಓದಲು ಬರುವ ಚಿತ್ರ. ಮಕ್ಕಳ ಪುಸ್ತಕದಿಂದಲೇ ಒಳ್ಳೆಯ ಹೆಸರು ಪಡೆದ ಹುಳು ಇದೊಂದೇ ಇರಬೇಕು. ಬೆಳೆದ ಹುಳುವೂ ಮರಿಹುಳುವೂ ಎರಡೂ ಬೇಟೆಗಾರರು. ಸಸ್ಯಹೇನು, ತಿಗಣೆಗಳ ಮೈರಸ ಹೀರಿ, ಅಗಿದು ಬದುಕುತ್ತವೆ. ತೊಂದರೆ ಏನೆಂದರೆ, ಅಮೆರಿಕದಲ್ಲಿ ಮಾರಾಟಕ್ಕೆ ಸಿಗುವ ಹುಳುಗಳನ್ನು ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಗುಂಪಾಗಿ ಮಲಗಿರುವಾಗ ಬಾಚಿ ತರುತ್ತಾರೆ. ಎಚ್ಚರವಾದೊಡನೆ ಹಾರಿಹೋಗುವುದು ಅವುಗಳ ಸ್ವಭಾವ. ದುಡ್ಡು ಕೊಟ್ಟು ತಂದು ಬಿಟ್ಟವು ಕೆಲವೇ ದಿನಗಳಲ್ಲಿ ಪಕ್ಕದವನ ತೋಟ ಸೇರಿರುತ್ತವೆ.

ತನ್ನ ಜಾಗ ಬಿಟ್ಟು ಹೋಗದೆ ಕೆಲಸ ಮಾಡುವ ಗುಲಗಂಜಿ ಹುಳುವೊಂದು ಕರ್ನಾಟಕದ ದ್ರಾಕ್ಷಿ ಬೆಳೆಗಾರರಿಗೆ ಗೊತ್ತು. ಕ್ರಿಪ್ಟೊಲೀಮಸ್ ಎಂಬ ಈ ಆಸ್ಟ್ರೇಲಿಯಾದ ಹುಳುವನ್ನು 1898ರಲ್ಲಿ ಭಾರತಕ್ಕೆ ತಂದದ್ದು ಕಾಫಿ ಗಿಡದ ಹಸಿರು ಶಲ್ಕಕೀಟಕ್ಕೆಂದು. ಆ ಕೆಲಸದಲ್ಲಿ ಅದು ಹೆಸರು ಮಾಡಲಿಲ್ಲ. ಹೆಸರು ಮಾಡಿದ್ದು ಹಿಟ್ಟುತಿಗಣೆಯ ಮೇಲೆ. ದ್ರಾಕ್ಷಿ ಗೊಂಚಲಿನ ಒಳಗೆ ಬಿಳಿ ಹತ್ತಿಯಂತೆ ಮೆತ್ತಿಕೊಳ್ಳುವ ಈ ತಿಗಣೆ ಜಿಗುಟು ಸಿಹಿರಸ ಸುರಿಸುತ್ತದೆ, ಅದರ ಮೇಲೆ ಕರಿ ಬೂಷ್ಟು ಕೂರುತ್ತದೆ, ಅಂಥ ಗೊಂಚಲನ್ನು ಯಾರೂ ಕೊಳ್ಳುವುದಿಲ್ಲ. ಮೈಮೇಲೆ ಮೇಣದ ಹೊದಿಕೆ ಇರುವುದರಿಂದ ಔಷಧಿ ಹೊಡೆದರೂ ಸುಲಭಕ್ಕೆ ತಾಗದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೀಟತಜ್ಞರು ಬೆಂಗಳೂರು ಸುತ್ತಲಿನ ತೋಟಗಳಲ್ಲಿ ಈ ಹುಳುಗಳನ್ನು ಬಿಟ್ಟು ಹಿಟ್ಟುತಿಗಣೆಯನ್ನು ಹಿಡಿತಕ್ಕೆ ತಂದರು. ಹುಳುಗಳನ್ನು ಬೆಳೆಸುವುದು ಕುಂಬಳಕಾಯಿಯ ಮೇಲೆ: ಕಾಯಿಗೆ ಮೊದಲು ತಿಗಣೆ ಹತ್ತಿಸಿ, ಅದು ಬೆಳ್ಳಗೆ ಮುಚ್ಚಿಕೊಂಡ ಮೇಲೆ ಗುಲಗಂಜಿ ಹುಳು ಬಿಡುತ್ತಾರೆ. ಇದರ ಮರಿಹುಳುವೂ ಮೈತುಂಬ ಬಿಳಿ ಮೇಣದ ಎಳೆ ಹೊತ್ತು, ತಾನು ತಿನ್ನುವ ತಿಗಣೆಯಂತೆಯೇ ಕಾಣುತ್ತದೆ. ತಿಳಿಯದ ರೈತ ಕಾವಲುಗಾರನನ್ನೇ ಕಳ್ಳನೆಂದು ಹೊಸಕಿ ಹಾಕುವುದುಂಟು. ಬೆಳೆದ ಹುಳುವೂ ಕೆಂಪಲ್ಲ, ಚುಕ್ಕೆಯಿಲ್ಲ. ಕರಿ ಬೆನ್ನು, ಕಿತ್ತಳೆ ತಲೆ. ಲೇಬಲ್ ಬರೆಯುವವರ ಕಣ್ಣಿಗೆ ಬೀಳುವಂಥ ರೂಪ ಅದಕ್ಕಿಲ್ಲ.

ಗುಲಗಂಜಿ ಹುಳುವಿನ ಒಳ್ಳೆಯ ಹೆಸರಿಗೆ ಪೆಟ್ಟು ಬಿದ್ದದ್ದು ಕೆನಡಾದ ಒಂಟಾರಿಯೊದಲ್ಲಿ. ಹೇನು ತಿನ್ನಲೆಂದು ಉತ್ತರ ಅಮೆರಿಕಕ್ಕೆ ತಂದ ಏಷ್ಯಾದ ಬಹುಬಣ್ಣದ ಗುಲಗಂಜಿ ಹುಳು ಅಲ್ಲಿ ಮಿತಿಮೀರಿ ಬೆಳೆಯಿತು. 2001ರ ಶರತ್ಕಾಲದಲ್ಲಿ ಸುತ್ತಲಿನ ಹೊಲಗಳ ಕೊಯ್ಲು ಮುಗಿದಾಗ ಅವು ಹಿಂಡುಹಿಂಡಾಗಿ ದ್ರಾಕ್ಷಿಗೆ ಬಂದು ಗೊಂಚಲುಗಳ ಒಳಗೆ ಸೇರಿಕೊಂಡವು, ಹಣ್ಣಿನ ಜೊತೆ ತಾವೂ ಅರೆದುಹೋದವು. ಹೆದರಿದಾಗ ಈ ಹುಳು ಕಾಲಿನ ಗಂಟುಗಳಿಂದ ಹಳದಿ ದ್ರವ ಜಿನುಗಿಸುತ್ತದೆ. ಅದರಲ್ಲಿರುವ ಮೆಥಾಕ್ಸಿಪೈರಜೀನ್ ಎಂಬ ರಾಸಾಯನಿಕ ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆ ವರ್ಷದ ಎಷ್ಟೋ ವೈನ್ ಹಸಿ ಕಡಲೆಕಾಯಿ, ದೊಣ್ಣೆಮೆಣಸಿನಕಾಯಿ ನಾತ ಹೊಡೆಯಿತು. ಲೇಬಲ್ ಮೇಲೆ ಶುಭವೆನಿಸಿದ ಹುಳು ಪೀಪಾಯಿಯ ಒಳಗೆ ಹಾಗಲ್ಲ ಎಂದು ವೈನ್ ಲೋಕ ಕಲಿತದ್ದು ಆಗ.

ಹಕ್ಕಿಯಿಂದಲೇ ಹಕ್ಕಿಯನ್ನು ಓಡಿಸುವ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆದದ್ದು ನ್ಯೂಜಿಲೆಂಡಿನ ಮಾರ್ಲ್‌ಬರೋದಲ್ಲಿ. ಆ ದೇಶದಲ್ಲಷ್ಟೇ ಇರುವ ಕಾರೆಆರೆಆ ಎಂಬ ಚಾಣ ಅಳಿವಿನ ಭಯದಲ್ಲಿದೆ. ಅಲ್ಲಿನ 20 ಡಾಲರ್ ನೋಟಿನ ಮೇಲೂ ಅದರ ಚಿತ್ರವಿದೆ. ಬೆಟ್ಟದ ಗೂಡುಗಳ ಮರಿಗಳನ್ನು ಕೆಳಗಿನ ದ್ರಾಕ್ಷಿತೋಟಗಳಿಗೆ ತಂದು ಬೆಳೆಸುವ ಯೋಜನೆ 2005ರಲ್ಲಿ ಶುರುವಾಯಿತು. ಹಣ್ಣು ತಿನ್ನುವವು ಯುರೋಪಿನಿಂದ ಬಂದ ಬ್ಲ್ಯಾಕ್‌ಬರ್ಡ್, ಥ್ರಶ್, ಸ್ಟಾರ್ಲಿಂಗ್‌ಗಳು. ಜೊತೆಗೆ ಕರ್ನಾಟಕದ ಬೆಳ್ಗಣ್ಣದ ಬಳಗಕ್ಕೇ ಸೇರಿದ ಸಿಲ್ವರ್‌ಐ. ಬಲೆ ಹೊದಿಸುವುದು, ಗ್ಯಾಸ್ ತೋಪು ಹಾರಿಸುವುದು, ಬಂದೂಕು ಹಿಡಿದು ತಿರುಗುವುದು ಅದುವರೆಗಿನ ಉಪಾಯಗಳು. ಸಾರಾ ಕ್ರಾಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಾಣ ಇದ್ದ ತೋಟಗಳಲ್ಲಿ ಹಕ್ಕಿಗಳು ಕಿತ್ತೊಯ್ದ ಹಣ್ಣಿನ ಪ್ರಮಾಣ ಚಾಣವಿಲ್ಲದ ತೋಟಗಳಿಗಿಂತ ಶೇ. 95ರಷ್ಟು ಕಡಿಮೆ ಇತ್ತು. ಹಣದ ಲೆಕ್ಕದಲ್ಲಿ ಹೆಕ್ಟೇರಿಗೆ ಸೋವಿನ್ಯೋನ್ ಬ್ಲಾಂಕ್ ತಳಿಯಲ್ಲಿ 234, ಪಿನೋ ನ್ವಾರ್ ತಳಿಯಲ್ಲಿ 326 ಅಮೆರಿಕನ್ ಡಾಲರ್ ಉಳಿತಾಯ. ಚಾಣ ಹಿಡಿದು ತಿಂದದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದರ ಭಯ. ಕಂಬದ ತುದಿಯಲ್ಲಿ ಅದು ಕೂತಿದ್ದರೆ ಸ್ಟಾರ್ಲಿಂಗ್ ಹಿಂಡು ಆ ಕಡೆ ಇಳಿಯುವುದಿಲ್ಲ.

ಬ್ರಾಂಕಾಟ್ ಎಸ್ಟೇಟ್ ತನ್ನ ಲಿವಿಂಗ್ ಲ್ಯಾಂಡ್ ಎಂಬ ಸರಣಿಯ ವೈನನ್ನು ಈ ಚಾಣದ ಹೆಸರಿನಲ್ಲಿ ಹೊರತಂದು, ಮಾರಾಟದ ಒಂದು ಪಾಲನ್ನು ಅದರ ಸಂರಕ್ಷಣೆಗೆ ಕೊಟ್ಟಿತು. ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಬೆಟ್ಟದಿಂದ ಕೆಳಗಿಳಿದ ಚಾಣಗಳಿಗೆ ತೋಟದ ಬಯಲಿನಲ್ಲಿ ಎದುರಾದ ದೊಡ್ಡ ಅಪಾಯ ವಿದ್ಯುತ್ ಕಂಬ. ಟ್ರಾನ್ಸ್‌ಫಾರ್ಮರ್ ಮೇಲೆ ಕೂತು ರೆಕ್ಕೆ ಬಿಚ್ಚಿ ಎಷ್ಟೋ ಹಕ್ಕಿಗಳು ಸತ್ತವು. ಕಂಬಗಳಿಗೆ ರಕ್ಷಣಾ ಕವಚ ಹಾಕಿಸುವುದೂ ಹಕ್ಕಿ ಸಾಕುವ ಕೆಲಸದ ಭಾಗವಾಯಿತು. ಲೇಬಲ್‌ನ ಚಿತ್ರದಲ್ಲಿ ಕಂಬಕ್ಕೆ ಎಲ್ಲಿಯ ಜಾಗ?

ಒಂಟಾರಿಯೊದ ಫೆದರ್‌ಸ್ಟೋನ್ ವೈನರಿಯಲ್ಲಿ ಇದೇ ಕೆಲಸ ತೀರ ಮನೆವಾರ್ತೆಯ ಮಟ್ಟದಲ್ಲಿದೆ. ಮನೆಯೊಡತಿ ಪರವಾನಗಿ ಪಡೆದ ಗಿಡುಗ ಪಳಗಿಸುವವರು; ಹಣ್ಣಿನ ಕಾಲದಲ್ಲಿ ಕೈಮೇಲೆ ಗಿಡುಗ ಕೂರಿಸಿಕೊಂಡು ಬಂದು ತೋಟದ ಮೇಲೆ ಹಾರಿಬಿಡುತ್ತಾರೆ. ಅಲ್ಲಿನ ಒಂದು ವೈನ್ ರೆಡ್ ಟೇಲ್ ಮೆರ್ಲೋ, ಎಂದರೆ ಕೆಂಪುಬಾಲದ ಗಿಡುಗ. ಇನ್ನೊಂದು ಬ್ಲ್ಯಾಕ್ ಶೀಪ್ ರೀಸ್ಲಿಂಗ್. ಕುರಿಗೂ ಅಲ್ಲಿ ಕೆಲಸವಿದೆ. ಗೊಂಚಲಿಗೆ ಬಿಸಿಲು ಗಾಳಿ ಆಡಲು ಬುಡದ ಎಲೆ ಬಿಡಿಸಬೇಕು. ಬೇಸಿಗೆಯಲ್ಲಿ ಕುರಿಮರಿಗಳನ್ನು ಬಿಟ್ಟರೆ ಅವೇ ತಿಂದು ಬಿಡಿಸುತ್ತವೆ. ಮರಿಗಳೇ ಏಕೆಂದರೆ ದೊಡ್ಡ ಕುರಿಗೆ ಗೊಂಚಲೂ ಎಟಕುತ್ತದೆ.

ಇನ್ನೊಂದು ಬಾಟಲಿಯ ಹಿಂದೆ ಇರುವುದು ಜೇಡ. ದಕ್ಷಿಣ ಆಸ್ಟ್ರೇಲಿಯಾದ ಮೆಕ್ಲಾರೆನ್ ವೇಲ್‌ನ ಡಾರೆನ್‌ಬರ್ಗ್ ವೈನರಿ 2000ನೇ ಇಸವಿಯಲ್ಲಿ ತನ್ನ ರೂಸಾನ್ ತಳಿಯ ಮೊದಲ ಫಸಲು ಕೊಯ್ದಾಗ ಹಣ್ಣಿನ ತುಂಬ ಪುಟ್ಟ ಜೇಡಗಳು ಹರಿದಾಡುತ್ತಿದ್ದವು. ಇಂಗ್ಲಿಷರ ನಂಬಿಕೆಯಲ್ಲಿ ಇವು ‘ದುಡ್ಡಿನ ಜೇಡ’ಗಳು, ಮೈಮೇಲೆ ಹತ್ತಿದರೆ ಹಣ ಬರುತ್ತದಂತೆ. ಅವನ್ನು ಅರೆಯಲು ಮನಸ್ಸಾಗದೆ ಆ ವರ್ಷ ವೈನ್ ಮಾಡುವುದನ್ನೇ ಬಿಟ್ಟರು; ಮರುವರ್ಷದ ವೈನ್‌ಗೆ ದಿ ಮನಿ ಸ್ಪೈಡರ್ ಎಂದೇ ಹೆಸರಿಟ್ಟರು. ಕಥೆಯಲ್ಲಿ ಶಕುನವಷ್ಟೇ ಇದೆ. ಆದರೆ ಜೇಡಗಳು ತುಂಬಿದ ತೋಟ ವಿಷ ಕಡಿಮೆ ಕಂಡ ತೋಟ, ಸಣ್ಣ ಕೀಟಗಳನ್ನು ಹಿಡಿದು ತಿನ್ನುವ ಸೈನ್ಯ ಒಳಗೇ ಇರುವ ತೋಟ ಎಂಬುದು ಶಕುನವಲ್ಲ.

ಗೂಬೆಯ ಮಾತಿಗೆ ಬಂದರೆ ನಾಪಾ ಕಣಿವೆಗೇ ಮರಳಬೇಕು. ಅಲ್ಲಿ ಬಳ್ಳಿಗಳ ಬುಡ ಕಡಿಯುವುದು ಗೋಫರ್ ಎಂಬ, ನೆಲದೊಳಗೇ ಸುರಂಗ ತೋಡಿ ಬಾಳುವ ದಂಶಕ. ಎಳೆಯ ಬಳ್ಳಿಯ ಬೇರು ತೊಗಟೆ ಸುತ್ತ ಕಡಿದರೆ ಬಳ್ಳಿ ಒಣಗಿದಂತೆಯೇ. ಇದಕ್ಕೆ ಬೆಳೆಗಾರರು ಕಂಬದ ಮೇಲೆ ಮರದ ಗೂಡುಪೆಟ್ಟಿಗೆ ಇಟ್ಟು ಕಣಜ ಗೂಬೆಗಳನ್ನು ಕರೆಯುತ್ತಾರೆ. ಕನ್ನಡದ ಈ ಹೆಸರಿನಲ್ಲಿರುವ ಕಣಜ ಧಾನ್ಯದ್ದು, ಕುಟುಕುವುದಲ್ಲ. ಇಲಿ ಇದ್ದಲ್ಲಿ ಗೂಬೆ ಎಂಬ ಹಳೆಯ ತಿಳಿವು ಹೆಸರಿನಲ್ಲೇ ಇದೆ. ಹಂಬೋಲ್ಟ್ ವಿಶ್ವವಿದ್ಯಾಲಯದ ಮ್ಯಾಟ್ ಜಾನ್ಸನ್ ಮತ್ತು ಅವರ ವಿದ್ಯಾರ್ಥಿಗಳು ನಾಪಾದ ಸುಮಾರು 300 ಪೆಟ್ಟಿಗೆಗಳ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟಿದ್ದಾರೆ. ಒಂದು ಗೂಬೆ ಸಂಸಾರ ವರ್ಷಕ್ಕೆ 3,000ಕ್ಕೂ ಮಿಕ್ಕಿ ದಂಶಕಗಳನ್ನು ಹಿಡಿಯುತ್ತದೆಂಬುದು ಅವರ ಅಂದಾಜು. ಪೆಟ್ಟಿಗೆಯ ಕೆಳಗೆ ಬಿದ್ದಿರುವ ಕರಿ ಉಂಡೆಗಳು ಇದಕ್ಕೆ ಸಾಕ್ಷಿ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು ಮೂಳೆಗಳನ್ನು ಉಂಡೆ ಮಾಡಿ ಉಗುಳುತ್ತದೆ. ಒಣಗಿದ ಉಂಡೆಯನ್ನು ಬೆರಳಲ್ಲಿ ಬಿಡಿಸಿದರೆ ಒಳಗೆ ಪುಟ್ಟ ಬುರುಡೆಗಳು ಕಿತ್ತಳೆ ಹಲ್ಲಿನ ಸಮೇತ ಸಿಗುತ್ತವೆ. ಎಷ್ಟು ಬುರುಡೆಯೋ ಅಷ್ಟು ಊಟ.

ಕಣಜ ಗೂಬೆಗಳು ಬೇಟೆಯ ಜಾಗಕ್ಕಾಗಿ ಪರಸ್ಪರ ಜಗಳವಾಡುವುದು ಕಡಿಮೆ. ಹಾಗಾಗಿ ಒಂದೇ ತೋಟದಲ್ಲಿ ಹಲವು ಜೋಡಿ ನೆಲೆಸಬಹುದು. ಅವಕ್ಕೆ ಶತ್ರು ಇಲಿಪಾಷಾಣ. ಪಾಷಾಣ ತಿಂದು ತೂರಾಡುವ ಇಲಿ ಸುಲಭದ ಬೇಟೆ, ಅದನ್ನು ತಿಂದ ಗೂಬೆಗೂ ಅದೇ ಗತಿ. ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನು ತಂದು, ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವ ತೀವ್ರ ಪಾಷಾಣಗಳ ಬಳಕೆಯನ್ನು ಕಟ್ಟುನಿಟ್ಟು ಮಾಡಿತು. ಗೂಬೆಯ ಲೇಬಲ್ ಅಂಟಿಸಿ ಇಲಿಪಾಷಾಣವನ್ನೂ ಇಡುವ ತೋಟ ಎರಡರಲ್ಲಿ ಒಂದನ್ನು ಬಿಡಲೇಬೇಕು.

ಕೆಲಸಗಾರನಲ್ಲದಿದ್ದರೂ ನೆರೆಯವನೆಂದು ಗೌರವಿಸುವ ಲೇಬಲ್‌ಗಳೂ ಇವೆ. ಕೆನಡಾದ ಒಕನಾಗನ್ ಕಣಿವೆಯ ಬರೋಯಿಂಗ್ ಔಲ್ ವೈನರಿ ಬಿಲದಲ್ಲಿ ಗೂಡುಮಾಡುವ ಅಪರೂಪದ ಗೂಬೆಯ ಹೆಸರನ್ನು ಇಟ್ಟುಕೊಂಡು, ವೈನ್ ರುಚಿ ನೋಡಲು ಬಂದವರಿಂದ ಪಡೆವ ಶುಲ್ಕವನ್ನು ಆ ಗೂಬೆಯ ಸಂರಕ್ಷಣೆಗೆ ಕೊಡುತ್ತ ಬಂದಿದೆ. ದಕ್ಷಿಣ ಆಫ್ರಿಕಾದ ವೈನ್ ಸೀಮೆ ಬಹುಪಾಲು ಇರುವುದು ಸುಮಾರು 9,000 ಜಾತಿಯ ಸಸ್ಯಗಳ ಕೇಪ್ ಪುಷ್ಪಪ್ರದೇಶದಲ್ಲಿ. ತೋಟದ ಅಂಚಿನ ಕಾಡುಪೊದೆ ಕಾಯುವ ಬೆಳೆಗಾರರ ಒಕ್ಕೂಟ ಅಲ್ಲಿ 2004ರಲ್ಲಿ ಶುರುವಾಯಿತು. ಸದಸ್ಯರ ಬಾಟಲಿಗಳ ಮೇಲೆ ಪ್ರೋಟಿಯಾ ಹೂವಿನ ಜೊತೆ ಉದ್ದ ಬಾಲದ ಶುಗರ್‌ಬರ್ಡ್‌ನ ಪುಟ್ಟ ಮುದ್ರೆ ಕಾಣುತ್ತದೆ. ಬಾಟಲಿಯ ಮುಂಭಾಗದ ಲೇಬಲ್‌ನ ಚಿತ್ರವನ್ನು ಯಾರು ಬೇಕಾದರೂ ಬರೆಸಬಹುದು, ಈ ಮುದ್ರೆಗೆ ತಪಾಸಣೆ ಆಗಬೇಕು. ಆದ್ದರಿಂದ ಗಾತ್ರದಲ್ಲಿ ಸಣ್ಣದಾದರೂ ನಂಬಿಕೆಗೆ ಇದೇ ಹೆಚ್ಚು.

ಎಲ್ಲ ಕೆಲಸಗಾರರಿಗೂ ಈ ಗೌರವ ಸಮನಾಗಿ ಸಿಕ್ಕಿಲ್ಲ. ಬೋರ್ದೋದಲ್ಲಿ ಸಣ್ಣ ಬಾವಲಿಗಳ ಹಿಕ್ಕೆಯನ್ನು ಡಿಎನ್ಎ ಪರೀಕ್ಷೆಗೆ ಒಳಪಡಿಸಿದಾಗ ದ್ರಾಕ್ಷಿ ಕೊರೆಯುವ ಪತಂಗಗಳ ಗುರುತು ಸಿಕ್ಕಿತು. ರಾತ್ರಿ ಹಾರುವ ಪತಂಗವನ್ನು ರಾತ್ರಿ ಹಾರಿ ಹಿಡಿಯುವವರು ಬೇರಾರಿದ್ದಾರೆ? ಹಾಗಿದ್ದರೂ ಬಾವಲಿಯ ಮುಖವನ್ನು ಊಟದ ಮೇಜಿಗೆ ತರಲು ವಿನ್ಯಾಸಕಾರರು ಹಿಂದೆಮುಂದೆ ನೋಡುತ್ತಾರೆ. ಕ್ಯಾಲಿಫೋರ್ನಿಯಾದ ಅನಾಗ್ರಸ್ ಎಂಬ ಕಣಜದ ಪಾಡು ಇನ್ನೂ ಕಷ್ಟ. ಇದು ಕುಟುಕುವ ಕಣಜದ ದೂರದ ಬಂಧು, ಉದ್ದ ಒಂದು ಮಿಲಿಮೀಟರಿಗೂ ಕಡಿಮೆ. ದ್ರಾಕ್ಷಿ ಎಲೆಯ ಒಳಗೆ ಜಿಗಿಹುಳು ಇಟ್ಟ ಮೊಟ್ಟೆಯನ್ನು ಹುಡುಕಿ ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಜಿಗಿಹುಳುವಿನ ಬದಲು ಹೊರಬರುವುದು ಇನ್ನೊಂದು ಅನಾಗ್ರಸ್. ಚಳಿಗಾಲದಲ್ಲಿ ದ್ರಾಕ್ಷಿ ಎಲೆ ಉದುರಿ ಬರಿದಾದಾಗ ಅದಕ್ಕೆ ಹಳ್ಳದ ದಂಡೆಯ ಕಾಡು ಬ್ಲ್ಯಾಕ್‌ಬೆರಿ ಪೊದೆಯೋ, ಪ್ರೂನ್ ಮರವೋ ಬೇಕು. ಅಲ್ಲಿ ಬೇರೆ ಜಾತಿಯ ಜಿಗಿಹುಳುಗಳ ಮೊಟ್ಟೆಯಲ್ಲಿ ಕಾಲ ಕಳೆಯುತ್ತದೆ. ಇದನ್ನು ತಿಳಿದ ಮೇಲೆ ಕೆಲವು ಬೆಳೆಗಾರರು ಗಾಳಿ ಬೀಸಿ ಬರುವ ಕಡೆ ಪ್ರೂನ್ ಮರಗಳ ಸಾಲು ನೆಟ್ಟರು. ಇದರ ಚಿತ್ರವನ್ನು ಲೇಬಲ್‌ಗೆ ಹಾಕುವುದಾದರೆ ನೂರು ಪಟ್ಟು ಹಿಗ್ಗಿಸಬೇಕು. ಹಿಗ್ಗಿಸಿದರೂ ಅಂಗಡಿಗೆ ಬಂದವನು ಅದನ್ನು ಸೊಳ್ಳೆ ಎಂದುಕೊಂಡು ಪಕ್ಕದ ಬಾಟಲಿಗೆ ಕೈಹಾಕಿಯಾನು.